ಹೈಸ್ಕೂಲ್ ಮಕ್ಕಳ ಕೈಕೆಲಸಕ್ಕೊಂದು ಗಟ್ಟಿ ಸರ್ಟಿಫಿಕೇಟು: ಜೂನ್‌ನಿಂದ ಏಪ್ರಿಲ್‌ವರೆಗೆ ಮಾಡಬೇಕಾದ್ದೆಲ್ಲ

ನಮ್ಮ ಶಾಲೆಯಲ್ಲಿ ಮೊದಲ ಸಲ ಕೊಟ್ಟ ವೃತ್ತಿ ಶಿಕ್ಷಣದ ಸರ್ಟಿಫಿಕೇಟು ನೋಡೋಕೆ ಭಾರಿ ಚೆಂದ ಇತ್ತು. ದಪ್ಪ ಹಾಳೆ, ಸುತ್ತ ಚಿನ್ನದ ಬಣ್ಣದ ಬಳ್ಳಿ, ನಡುವೆ ಹುಡುಗನ ಹೆಸರು ದಪ್ಪಕ್ಷರದಲ್ಲಿ. ಒಳಗಿದ್ದದ್ದು ಮಾತ್ರ ಒಂದೇ ಸಾಲು: ‘ಆಟೋಮೊಬೈಲ್ ವಿಷಯದಲ್ಲಿ ಉತ್ತಮವಾಗಿ ಭಾಗವಹಿಸಿದ್ದಾನೆ.’ ಹುಡುಗನ ಅಪ್ಪ ಕಬ್ಬಿನ ಗದ್ದೆಯಿಂದ ಹಾಗೇ ಬಂದಿದ್ದವರು. ಕೈ ಒರೆಸಿಕೊಂಡು ಹಾಳೆ ತಗೊಂಡರು, ಹಿಂದೆ ಮುಂದೆ ತಿರುಗಿಸಿದರು. "ಸಾ, ನನ್ ಮಗಂಗೆ ಏನ್ ಕೆಲ್ಸ ಬತ್ತದೆ ಅಂತ ಇದ್ರಲ್ಲಿ ಎಲ್ಲದೆ?" ಅಂದರು.

ನಾನು ಹಾಳೆ ನೋಡಿದೆ. ಎಲ್ಲೂ ಇರಲಿಲ್ಲ. ಹುಡುಗನಿಗೆ ಬೈಕಿನ ಬ್ರೇಕ್ ಶೂ ಬದಲಾಯಿಸೋಕೆ ಬರುತ್ತಿತ್ತು, ಚೈನು ಬಿಗಿ ಮಾಡೋಕೆ ಬರುತ್ತಿತ್ತು. ಅದನ್ನು ನೋಡಿದ್ದ ತರಬೇತುದಾರರು ಅಷ್ಟೊತ್ತಿಗೆ ಬೇರೆ ಕಡೆ ಹೋಗಿದ್ದರು, ಬರೆದಿಟ್ಟವರು ಯಾರೂ ಇರಲಿಲ್ಲ.

ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಾ ವೃತ್ತಿ ಶಿಕ್ಷಣದ ಉಸ್ತುವಾರಿಯನ್ನೂ ನೋಡಿಕೊಳ್ಳುವ ನಾನು ಆಮೇಲೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮುಖ್ಯ ಶಿಕ್ಷಕರಿಗೆ, ವೃತ್ತಿ ತರಬೇತುದಾರರಿಗೆ, ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ, ಕೂರುವ ಅಪ್ಪ ಅಮ್ಮಂದಿರಿಗೆ ಉಪಯೋಗ ಆದೀತು. ಸರ್ಟಿಫಿಕೇಟು ಮಾರ್ಚಿನಲ್ಲಿ ಅಚ್ಚಾಗುತ್ತದೆ ನಿಜ, ಆದರೆ ಅದರೊಳಗೆ ಹೋಗುವ ಮಾತು ಜೂನ್‌ನಿಂದಲೇ ಒಂದು ಪುಸ್ತಕದಲ್ಲಿ ಕೂಡುತ್ತಾ ಬರಬೇಕು. ಆ ಪುಸ್ತಕ ಇಲ್ಲದಿದ್ದರೆ ಎಷ್ಟು ಚೆಂದದ ಹಾಳೆ ತಂದರೂ ಕೊನೆಗೆ ಬರೆಯೋಕಾಗುವುದು ‘ಭಾಗವಹಿಸಿದ್ದಾನೆ’ ಅಂತಲೇ.

ಮೊದಲು, ಯಾವ ಕಾಗದ ಯಾರದ್ದು ಅಂತ ಬೇರೆ ಮಾಡಿ

ಮಗುವಿನ ಕೈಗೆ ಮೂರು ನಾಲ್ಕು ಥರದ ಕಾಗದ ಬರುತ್ತವೆ. ಪೋಷಕರು ಎಲ್ಲವನ್ನೂ ‘ಸರ್ಟಿಫಿಕೇಟು’ ಅಂತಲೇ ಕರೆಯುತ್ತಾರೆ. ನಾವು ಹಾಗೆ ಕರೆದರೆ ನಡೆಯುವುದಿಲ್ಲ.

ಒಂದನೆಯದು ಪರೀಕ್ಷಾ ಮಂಡಳಿಯ ಅಂಕಪಟ್ಟಿ. ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ನಾವೆಲ್ಲ ಎನ್‌ಎಸ್‌ಕ್ಯೂಎಫ್ ಅನ್ನುವುದು, 2013ರ ಡಿಸೆಂಬರ್‌ನಲ್ಲಿ ಕೇಂದ್ರದ ಅಧಿಸೂಚನೆಯಾಗಿ ಬಂತು. ಅದರಡಿ ನಮ್ಮ ರಾಜ್ಯದ ಆಯ್ದ ಪ್ರೌಢಶಾಲೆಗಳಲ್ಲಿ ಒಂಬತ್ತು, ಹತ್ತನೇ ತರಗತಿಗೆ ಮಾಹಿತಿ ತಂತ್ರಜ್ಞಾನ, ರೀಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಅಪಾರೆಲ್ (ಉಡುಪು ತಯಾರಿಕೆ), ಎಲೆಕ್ಟ್ರಾನಿಕ್ಸ್ ಅಂಡ್ ಹಾರ್ಡ್‌ವೇರ್ ಥರದ ವಿಷಯಗಳಿವೆ. ಎಸ್‌ಎಸ್‌ಎಲ್‌ಸಿಯಲ್ಲಿ ಮಕ್ಕಳು ಇದನ್ನು ಮೂರನೇ ಭಾಷೆಯ ಜಾಗದಲ್ಲಿ ಬರೆಯುತ್ತಾರೆ. ಹಾಗಾಗಿ ಅಂಕ ಮಂಡಳಿಯ ಕಾರ್ಡಿನಲ್ಲೇ ಬರುತ್ತದೆ. ಜೂನಿಯರ್ ಟೆಕ್ನಿಕಲ್ ಸ್ಕೂಲಿನ ಮಕ್ಕಳ ಎಂಜಿನಿಯರಿಂಗ್ ಗ್ರಾಫಿಕ್ಸ್, ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಮೂಲಾಂಶಗಳ ಪೇಪರಿನದ್ದೂ ಇದೇ ಕಥೆ. ಮೈಸೂರಿನ ಸಿಬಿಎಸ್‌ಇ ಶಾಲೆಗಳಲ್ಲಿ ಕೌಶಲ ವಿಷಯ ಆರನೆಯ ವಿಷಯವಾಗಿ ಕೂರುತ್ತದೆ. ಅಲ್ಲಿ ಗಣಿತ, ವಿಜ್ಞಾನ, ಸಮಾಜ ಈ ಮೂರರಲ್ಲಿ ಒಂದು ಕೈಕೊಟ್ಟರೆ ಕೌಶಲ ವಿಷಯದ ಅಂಕ ಅದರ ಬದಲಿಗೆ ನಿಲ್ಲುತ್ತದೆ. ಪೋಷಕರಿಗೆ ಇದನ್ನು ಮೊದಲೇ ಹೇಳಿ. ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಎರಡನೆಯದು ಕೌಶಲ ಪ್ರಮಾಣಪತ್ರ. ಇದನ್ನು ಕೊಡುವ ಹಕ್ಕಿರುವುದು ಎನ್‌ಸಿವಿಇಟಿ ಮಾನ್ಯ ಮಾಡಿದ ಸಂಸ್ಥೆಗಳಿಗೆ. 2020ರಿಂದ ಕೆಲಸ ಶುರು ಮಾಡಿದ, ವೃತ್ತಿ ಶಿಕ್ಷಣ ಮತ್ತು ತರಬೇತಿಯ ಈ ರಾಷ್ಟ್ರೀಯ ಮಂಡಳಿ ಯಾರು ಪರೀಕ್ಷೆ ಮಾಡಬಹುದು, ಯಾರು ಪ್ರಮಾಣಪತ್ರ ಕೊಡಬಹುದು ಅನ್ನುವುದನ್ನು ಗೊತ್ತುಮಾಡುತ್ತದೆ.

ಮೂರನೆಯದು ಹೊರಗೆ ಕೆಲಸ ನೋಡಲು, ಕಲಿಯಲು ಹೋದ ಕಡೆ ಕೊಡುವ ಪತ್ರ. ಗ್ಯಾರೇಜ್ ಮಾಲೀಕರ ಲೆಟರ್‌ಹೆಡ್ಡೋ, ಟೈಲರ್ ಅಂಗಡಿಯ ರಬ್ಬರ್ ಸ್ಟ್ಯಾಂಪೋ.

ನಾಲ್ಕನೆಯದು ನಮ್ಮದು, ಶಾಲೆ ಕೊಡುವುದು. ಈ ಬರಹ ಅದರ ಬಗ್ಗೆ. ಇದಕ್ಕೆ ಕಾನೂನಿನ ದೊಡ್ಡ ಬಲ ಇಲ್ಲ, ಇದೆ ಅಂತ ನಟಿಸಲೂ ಬಾರದು. ಎರಡು ತಪ್ಪು ಎಲ್ಲ ಕಡೆ ನೋಡುತ್ತೇನೆ. ಶಾಲೆಯ ಪತ್ರದ ಮೇಲೆ ‘ಎನ್‌ಎಸ್‌ಕ್ಯೂಎಫ್ ಲೆವೆಲ್ 2 ಉತ್ತೀರ್ಣ’ ಅಂತ ಅಚ್ಚು ಹಾಕುವುದು ಒಂದು. ಆ ಮಾತು ಹೇಳುವ ಅಧಿಕಾರ ಶಾಲೆಗಿಲ್ಲ. ಇನ್ನೊಂದು, ಮೇಲೆ ನಾಲ್ಕು ಸಿಂಹದ ಲಾಂಛನ ಕೂರಿಸುವುದು. ಅದನ್ನು ಯಾರು ಎಲ್ಲಿ ಬಳಸಬೇಕು ಅನ್ನುವುದಕ್ಕೆ 2005ರ ಕಾಯ್ದೆಯೇ ಇದೆ. ಡಿಟಿಪಿ ಅಂಗಡಿಯವರು ಚೆಂದ ಕಾಣಲಿ ಅಂತ ತಾವೇ ಹಾಕಿಬಿಡುತ್ತಾರೆ. ಪ್ರೂಫ್ ನೋಡುವಾಗ ತೆಗೆಸಿ. ಶಾಲೆಯ ಹೆಸರು, ಶಾಲೆಯ ಮುದ್ರೆ ಸಾಕು.

ಜೂನ್: ಹೆಸರು ಸರಿಮಾಡಿ

ಕೌಶಲ ಆಮೇಲೆ. ಮೊದಲ ವಾರದ ಕೆಲಸ ಹೆಸರು.

ಒಂದು ವರ್ಷ ನನ್ನ ಕೈಯಿಂದಲೇ ಆದ ಎಡವಟ್ಟು ಹೇಳುತ್ತೇನೆ. ಹುಡುಗಿಯ ಹೆಸರನ್ನು ಹಾಜರಿ ಪುಸ್ತಕದಲ್ಲಿ ‘ಸುಮ’ ಅಂತ ಬರೆದಿದ್ದೆವು. ಸ್ಯಾಟ್ಸ್‌ನಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ, ‘ಸುಮಾ’, ಜೊತೆಗೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಇನಿಷಿಯಲ್ ಬದಲು ಅಪ್ಪನ ಪೂರ್ತಿ ಹೆಸರು. ನಾನು ಹಾಜರಿ ಪುಸ್ತಕ ನೋಡಿ ಸರ್ಟಿಫಿಕೇಟು ಬರೆಸಿದೆ. ಅವಳು ಅಪ್ರೆಂಟಿಸ್‌ಶಿಪ್‌ಗೆ ಅರ್ಜಿ ಹಾಕಲು ಹೋದಾಗ ಮೂರು ಕಾಗದದಲ್ಲಿ ಮೂರು ಹೆಸರು. ಕೂತಿದ್ದ ಗುಮಾಸ್ತರು ನಮ್ಮದನ್ನು ಪಕ್ಕಕ್ಕಿಟ್ಟರಂತೆ. ಅವರ ತಪ್ಪೇನಿಲ್ಲ. ಹೊಸದು ಬರೆಸಿಕೊಡಲು ಅವಳು ಎರಡು ಸಲ ಬಸ್ ಹತ್ತಿ ಶಾಲೆಗೆ ಬರಬೇಕಾಯಿತು.

ಈಗ ಹೀಗೆ ಮಾಡುತ್ತೇವೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ: ದಾಖಲಾತಿ ವಹಿಯಲ್ಲಿರುವ ಹೆಸರು, ಸ್ಯಾಟ್ಸ್‌ನಲ್ಲಿರುವುದು, ಆಧಾರ್‌ನಲ್ಲಿರುವುದು, ಪೋಷಕರು ಇರಬೇಕು ಅನ್ನುವುದು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಕೆಂಪು ಗೆರೆ. ಒಂಬತ್ತನೇ ತರಗತಿಯಲ್ಲೇ ಈ ಕೆಲಸ ಮುಗಿಸಿದರೆ ಎಸ್‌ಎಸ್‌ಎಲ್‌ಸಿ ನೋಂದಣಿಗೆ ಮೊದಲು ತಿದ್ದಲು ಕಾಲಾವಕಾಶ ಇರುತ್ತದೆ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಎಷ್ಟು ಸುತ್ತು ಅನ್ನುವುದು ಅನುಭವಿಸಿದವರಿಗೇ ಗೊತ್ತು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹೇಗೆ ಬರಲಿದೆಯೋ, ಅಕ್ಷರ, ಚುಕ್ಕಿ, ಇನಿಷಿಯಲ್ ಸಮೇತ ಹಾಗೇ ಶಾಲೆಯ ಪತ್ರದಲ್ಲೂ ಬರಲಿ. ‘ಗೌಡ’ ಸೇರಿಸುವುದು, ಬಿಡುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ.

ಆಧಾರ್ ಸಂಖ್ಯೆಯನ್ನು ಮಾತ್ರ ಸರ್ಟಿಫಿಕೇಟಿನ ಮೇಲೆ ಯಾವ ಕಾರಣಕ್ಕೂ ಹಾಕಬೇಡಿ. ಗುರುತಿಗೆ ಶಾಲೆಯ ದಾಖಲಾತಿ ಸಂಖ್ಯೆ ಇದೆ.

ಜುಲೈ: ‘ಬರುತ್ತದೆ’ ಅನ್ನುವುದನ್ನು ಬಿಡಿಸಿ ಬರೆಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಇದಕ್ಕೆ ಎರಡು ಶನಿವಾರ ಎತ್ತಿಡಿ.

‘ಆಟೋಮೊಬೈಲ್ ಜ್ಞಾನವಿದೆ’ ಅನ್ನುವ ಮಾತಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ‘ದ್ವಿಚಕ್ರ ವಾಹನದ ಚೈನಿನ ಸಡಿಲವನ್ನು ಅಳೆದು, ಕೈಪಿಡಿಯಲ್ಲಿ ಹೇಳಿದ ಅಳತೆಗೆ ತಂದು, ಎರಡೂ ಕಡೆಯ ಗುರುತು ಸರಿಸಮ ಇದೆಯೇ ನೋಡಿ ಆಕ್ಸಲ್ ನಟ್ ಬಿಗಿಯುತ್ತಾನೆ’ ಅಂದರೆ ಗ್ಯಾರೇಜಿನ ಮೇಸ್ತ್ರಿಗೆ ಕಣ್ಣಿಗೆ ಕಟ್ಟುತ್ತದೆ. ಹುಡುಗನನ್ನು ಮೊದಲ ದಿನ ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರಿಗೆ ಗೊತ್ತಾಗುತ್ತದೆ.

ಪಠ್ಯಕ್ರಮ ಭೋಪಾಲದ ವೃತ್ತಿ ಶಿಕ್ಷಣ ಸಂಸ್ಥೆಯಿಂದ ಸಿದ್ಧವಾಗಿ ಬಂದಿರುತ್ತದೆ. ಅದರಲ್ಲಿ ಎರಡು ಭಾಗ. ಒಂದು ಕಸುಬಿನದು. ಇನ್ನೊಂದು ಎಲ್ಲ ವಿಷಯಕ್ಕೂ ಸಾಮಾನ್ಯವಾದದ್ದು: ಸಂವಹನ, ಸ್ವನಿರ್ವಹಣೆ, ಕಂಪ್ಯೂಟರ್ ಬಳಕೆ, ಉದ್ಯಮಶೀಲತೆ, ಪರಿಸರ ಕೌಶಲ. ಈ ಎರಡನೇ ಭಾಗವನ್ನು ಪಾಠ ಮಾಡಿ, ಸರ್ಟಿಫಿಕೇಟು ಬರೆಯುವಾಗ ಮರೆಯುತ್ತೇವೆ. ಒಬ್ಬ ಹುಡುಗ ಗಿರಾಕಿ ಹತ್ತಿರ ಮಾತಾಡಿ, ಗಾಡಿಯ ತೊಂದರೆ ಕೇಳಿ, ಜಾಬ್ ಕಾರ್ಡ್ ತುಂಬುತ್ತಾನೆ ಅನ್ನುವುದು ಸ್ಪ್ಯಾನರ್ ಹಿಡಿಯುವಷ್ಟೇ ದೊಡ್ಡ ಮಾತು.

ಪ್ರತಿ ವಿಷಯಕ್ಕೆ ಹತ್ತು ಹನ್ನೆರಡು ವಾಕ್ಯ ಸಾಕು. ನಮ್ಮ ಪಟ್ಟಿಯಿಂದ ಕೆಲವು:

ಅಪಾರೆಲ್‌ನಲ್ಲಿ, ‘ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಿ, ಬಾಬಿನ್ ಸುತ್ತಿ, ಮೇಲಿನ ಕೆಳಗಿನ ದಾರದ ಬಿಗಿ ಸರಿಹೊಂದಿಸುತ್ತಾಳೆ.’ ಇದರ ಮುಂದಿನ ಮೆಟ್ಟಿಲು, ‘ಅಳತೆ ತೆಗೆದು, ಕಾಗದದಲ್ಲಿ ಮಾದರಿ ಬಿಡಿಸಿ, ಹೊಲಿಗೆಗೆ ಬಿಡಬೇಕಾದ ಅಂಚು ಬಿಟ್ಟು ಕತ್ತರಿಸುತ್ತಾಳೆ.’ ಎಲೆಕ್ಟ್ರಾನಿಕ್ಸ್‌ನಲ್ಲಿ, ‘ಮಲ್ಟಿಮೀಟರ್‌ನಿಂದ ತಂತಿ ಎಲ್ಲಿ ಕಡಿದಿದೆ ಎಂದು ಹುಡುಕುತ್ತಾನೆ, ಬೆಸುಗೆ ಹಾಕಿದ ಜಾಗ ಮಂಕಾಗಿ ಉಂಡೆ ಕಟ್ಟಿದ್ದರೆ ಗುರುತಿಸಿ ಮತ್ತೆ ಹಾಕುತ್ತಾನೆ.’ ರೀಟೇಲ್‌ನಲ್ಲಿ, ‘ಬಂದ ಮಾಲನ್ನು ಬಿಲ್ ಜೊತೆ ತಾಳೆ ನೋಡಿ, ಅವಧಿ ಮೊದಲು ಮುಗಿಯುವುದನ್ನು ಶೆಲ್ಫಿನ ಮುಂದಕ್ಕೆ ಜೋಡಿಸುತ್ತಾಳೆ.’ ಮಾಹಿತಿ ತಂತ್ರಜ್ಞಾನಕ್ಕೆ ನಾವು ಕೊಡುವ ಪರೀಕ್ಷೆ ಏನು ಅಂತ ಮುಂದೆ ಹೇಳುತ್ತೇನೆ, ಅದೊಂದು ಮಜವಾದ ವಿಷಯ.

ಪ್ರತಿ ವಾಕ್ಯದ ಮುಂದೆ ಮೂರು ಹಂತ ಇಡಿ: ಪಕ್ಕದಲ್ಲಿ ನಿಂತು ಹೇಳಿಕೊಟ್ಟರೆ ಮಾಡುತ್ತಾನೆ, ಹೇಳದೆ ತಾನೇ ಮಾಡುತ್ತಾನೆ, ಇನ್ನೊಬ್ಬರಿಗೆ ತೋರಿಸಿಕೊಡುತ್ತಾನೆ. ಎ, ಬಿ, ಸಿ ದರ್ಜೆಗಿಂತ ಇದು ನನಗೆ ಹಿಡಿಸುತ್ತದೆ. ‘ಬಿ ಪ್ಲಸ್’ ಅಂದರೆ ಏನು ಅಂತ ನಾಳೆ ನಮ್ಮನ್ನೇ ಕೇಳಿದರೆ ಹೇಳೋಕೆ ಬರುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ನೋಡಿ. ಆಟೋಮೊಬೈಲ್‌ಗೆ ಗಂಡುಮಕ್ಕಳು, ಹೊಲಿಗೆಗೆ ಹೆಣ್ಣುಮಕ್ಕಳು ಅಂತ ನಾವೇ ಕಣ್ಣಂದಾಜಿನಲ್ಲಿ ಹಂಚಿಬಿಡುತ್ತೇವೆ. ಹಂಚುವ ಮೊದಲು ಮಕ್ಕಳನ್ನು ಒಂದು ಮಾತು ಕೇಳಿ.

ವರ್ಷವಿಡೀ: ಕೆಲಸದ ಪುಸ್ತಕ

ಇನ್ನೂರು ಪುಟದ ಲಾಂಗ್‌ಬುಕ್, ಮಗುವಿಗೆ ಒಂದು. ದಿನಾಂಕ, ಮಾಡಿದ ಕೆಲಸ, ಎಷ್ಟು ಹೊತ್ತು, ಎಲ್ಲಿ ತಪ್ಪಿತು, ನೋಡಿದವರ ಸಹಿ. ಐದೇ ಕಾಲಂ. ಬರೆಯುವುದು ಮಗು, ಸಹಿ ತರಬೇತುದಾರರದು.

‘ಎಲ್ಲಿ ತಪ್ಪಿತು’ ಕಾಲಂ ಖಾಲಿ ಬಿಡಲು ಬಿಡಬೇಡಿ. ‘ಬಾಬಿನ್ ತಿರುವು ಉಲ್ಟಾ ಹಾಕಿದ್ದೆ, ದಾರ ಗಂಟು ಬಿತ್ತು’ ಅಂತ ಬರೆದ ಹುಡುಗಿ ನವೆಂಬರ್‌ನಲ್ಲಿ ಆ ತಪ್ಪು ಮಾಡಿಲ್ಲ ಅನ್ನುವುದು ಅದೇ ಪುಸ್ತಕದಲ್ಲಿ ಸಿಗುತ್ತದೆ. ಎಲ್ಲ ಪುಟದಲ್ಲೂ ‘ಚೆನ್ನಾಗಿ ಮಾಡಿದೆ’ ಅಂತಿದ್ದರೆ ಒಂದೇ ರಾತ್ರಿ ಕೂತು ತುಂಬಿದ್ದು ಅಂತ ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಒಂದೇ ಪೆನ್ನಿನ ಶಾಯಿ ಬೇರೆ!

ಹೊತ್ತಿನ ಲೆಕ್ಕ ಯಾಕೆ ಅಂದರೆ, 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್ ಅನ್ನುವ ಲೆಕ್ಕ ಇದೆ. ಕ್ರೆಡಿಟ್ ಕೊಡುವುದು ಶಾಲೆಯ ಕೈಯಲ್ಲಿಲ್ಲ, ಸರ್ಟಿಫಿಕೇಟಿನಲ್ಲಿ ಕ್ರೆಡಿಟ್ ಅಂತ ಬರೆಯಲೂ ಬೇಡಿ. ಪ್ರಾಯೋಗಿಕ ಕೆಲಸ ಇಷ್ಟು ಗಂಟೆ ಅಂತ ಬರೆಯಿರಿ. ಮುಂದೆ ಯಾರಾದರೂ ಲೆಕ್ಕ ಕೇಳಿದರೆ ಪುಸ್ತಕ ಇರುತ್ತದೆ.

ತರಬೇತುದಾರರು ಬಹುಪಾಲು ಹೊರಗಿನ ಏಜೆನ್ಸಿಗಳ ಮೂಲಕ ಗುತ್ತಿಗೆ ಮೇಲೆ ಬರುವವರು. ಗುತ್ತಿಗೆ ಮುಗಿದರೆ, ನವೀಕರಣ ತಡವಾದರೆ, ಅವರು ಇರುವುದಿಲ್ಲ. ಅವರ ಜೊತೆಗೆ ಅವರ ತಲೆಯಲ್ಲಿದ್ದ ಮಗುವಿನ ಚರಿತ್ರೆಯೂ ಹೋಗುತ್ತದೆ. ಆದ್ದರಿಂದ ಪುಸ್ತಕಗಳು ಶಾಲೆಯ ಬೀರುವಿನಲ್ಲಿರಲಿ, ತರಬೇತುದಾರರ ಚೀಲದಲ್ಲಿ ಬೇಡ. ತಿಂಗಳಿಗೊಮ್ಮೆ ಖಾಯಂ ಶಿಕ್ಷಕರೊಬ್ಬರು ಅಡ್ಡ ಸಹಿ ಹಾಕಲಿ. ನಾನು ಸಂಬಳದ ಬಿಲ್ ಕಳಿಸುವ ದಿನವೇ ಇದನ್ನೂ ಮಾಡುತ್ತೇನೆ, ಮರೆಯುವುದಿಲ್ಲ.

ಹೊರಗೆ ಕಳಿಸುವಾಗ

ಮಂಡ್ಯದಲ್ಲಿ ಟ್ರ್ಯಾಕ್ಟರ್ ಗ್ಯಾರೇಜು, ಆಲೆಮನೆ. ಮೈಸೂರಿನಲ್ಲಿ ಹೆಬ್ಬಾಳ, ಮೇಟಗಳ್ಳಿ, ಕೂರ್ಗಳ್ಳಿ ಕಡೆಯ ಕಾರ್ಖಾನೆಗಳು. ಅಪಾರೆಲ್ ಮಕ್ಕಳಿಗೆ 1912ರಿಂದ ಮೈಸೂರು ರೇಷ್ಮೆ ನೇಯುತ್ತಿರುವ ಕಾರ್ಖಾನೆ. ಎಲ್ಲಿಗೆ ಕಳಿಸಿದರೂ ನೋಡಲು ಕಳಿಸುವುದು ಬೇರೆ, ಕೆಲಸಕ್ಕೆ ಕೈ ಹಾಕಲು ಕಳಿಸುವುದು ಬೇರೆ. 14 ತುಂಬದ ಮಗುವನ್ನು ದುಡಿಸುವುದು ಕಾನೂನಿನಲ್ಲಿ ಇಲ್ಲ. 14ರಿಂದ 18ರವರೆಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಒಂಬತ್ತನೇ ತರಗತಿಯಲ್ಲಿ 14 ತುಂಬದವರು ಇದ್ದೇ ಇರುತ್ತಾರೆ, ಜನ್ಮ ದಿನಾಂಕ ನೋಡಿಯೇ ಪಟ್ಟಿ ಮಾಡಿ. ವೆಲ್ಡಿಂಗ್, ಗ್ರೈಂಡಿಂಗ್, ಕುದಿಯುವ ಕೊಪ್ಪರಿಗೆ ಇವುಗಳ ಹತ್ತಿರ ಬಿಡಬೇಡಿ. ಪೋಷಕರ ಒಪ್ಪಿಗೆ ಪತ್ರ, ಜೊತೆಗೆ ಹೋಗುವ ಶಿಕ್ಷಕರ ಹೆಸರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ.

ಮಾಲೀಕರಿಂದ ಪತ್ರ ಕೇಳುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ನೀವೇ ಒಂದು ಪುಟ ಟೈಪ್ ಮಾಡಿಕೊಂಡು ಹೋಗಿ: ಇಂತಿಂಥ ದಿನ, ಇಷ್ಟು ಹೊತ್ತು, ಇಂತಿಂಥ ಕೆಲಸ ನೋಡಿದರು, ಇಂಥದ್ದನ್ನು ಮಾಡಿದರು. ಅವರು ಓದಿ ಗೀಚು ಹಾಕಿ ತಿದ್ದಿ ಸಹಿ ಮಾಡುತ್ತಾರೆ. ಖಾಲಿ ಹಾಳೆ ಕೊಟ್ಟರೆ ‘ಒಳ್ಳೆ ಹುಡುಗ’ ಅಂತ ಬರೆದು ಕಳಿಸುತ್ತಾರೆ.

ಸಂಕ್ರಾಂತಿ ಕಳೆದ ವಾರ: ಹೊರಗಿನವರ ಎದುರು ಪರೀಕ್ಷೆ

ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಶುರುವಾದರೆ ಮಕ್ಕಳು ಕೈಗೆ ಸಿಗುವುದಿಲ್ಲ. ಅದಕ್ಕೇ ನಾವು ಕಿಚ್ಚು ಹಾಯಿಸಿ ಮುಗಿದ ವಾರವೇ ಕೌಶಲ ಪರೀಕ್ಷೆ ಇಟ್ಟುಕೊಳ್ಳುತ್ತೇವೆ. ನಿಯಮ ಒಂದೇ: ಕಲಿಸಿದವರು ಪರೀಕ್ಷೆ ಮಾಡಕೂಡದು. ಆ ಕಸುಬಿನಲ್ಲಿ ದಿನವೂ ದುಡಿಯುವ ಒಬ್ಬರು ಬಂದು ಕೂರಬೇಕು. ಐಟಿಐ ಬೋಧಕರು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಊರಿನ ಮೇಸ್ತ್ರಿ, ದರ್ಜಿ, ಅಂಗಡಿ ಮಾಲೀಕರು. ಅವರಿಗೊಂದು ಹಾರ, ಊಟ, ಹೋಗಿಬರುವ ಖರ್ಚು ಕೊಡಿ.

ನಮ್ಮ ಆಟೋಮೊಬೈಲ್ ಪರೀಕ್ಷೆಗೆ ಬರುವವರು ಮೈಸೂರಿನ ಜಾವಾ ಬೈಕ್ ಕಾರ್ಖಾನೆಯಲ್ಲಿ ದುಡಿದು, 1996ರಲ್ಲಿ ಅದು ಮುಚ್ಚಿದ ಮೇಲೆ ಸ್ವಂತ ಗ್ಯಾರೇಜು ಹಾಕಿಕೊಂಡ ಮೇಸ್ತ್ರಿ. ಮಾತು ಕಮ್ಮಿ. ಕಳೆದ ಸಲ ಒಬ್ಬಳು ಹುಡುಗಿಗೆ ಹಳೇ ನೂರು ಸಿಸಿ ಬೈಕಿನ ಸ್ಪಾರ್ಕ್ ಪ್ಲಗ್ ಬಿಚ್ಚಲು ಹೇಳಿದರು. ಅವಳು ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ, ಕ್ಯಾಪ್ ಎಳೆದು, ಸುತ್ತಲಿನ ಧೂಳು ಊದಿ, ಪ್ಲಗ್ ಸ್ಪ್ಯಾನರ್ ಇಳಿಸಿದಳು. ಪ್ಲಗ್ ತುದಿ ಕಪ್ಪಗಿತ್ತು.

"ಯಾಕವ್ವ ಕಪ್ಪಾಗದೆ?"

ಅವಳು ಬೆರಳಲ್ಲಿ ಒರೆಸಿ ನೋಡಿದಳು. "ಒಣಮಸಿ ಸಾ. ಎಣ್ಣೆ ಜಿಡ್ಡಿಲ್ಲ. ಪೆಟ್ರೋಲು ಜಾಸ್ತಿ ಹೋಗ್ತಾ ಇರ್ಬೇಕು, ಇಲ್ಲ ಏರ್ ಫಿಲ್ಟರ್ ಕಟ್ಟದೆ."

ಮೇಸ್ತ್ರಿ ಏನೂ ಹೇಳಲಿಲ್ಲ. ಅವಳು ಉಜ್ಜಿ, ಫೀಲರ್ ಗೇಜ್ ಹಾಕಿ ಸಂದು ನೋಡಿ, ಪ್ಲಗ್ ವಾಪಸ್ ಕೂರಿಸುವಾಗ ಮಾತ್ರ ಅವರು ಬಗ್ಗಿದರು. ಅವಳು ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಮೊದಲ ಸುತ್ತುಗಳನ್ನು ಬರಿಗೈಲಿ ತಿರುಗಿಸಿದಳು, ಅದು ಸಲೀಸಾಗಿ ಹೋಯಿತು, ಆಮೇಲೆ ಸ್ಪ್ಯಾನರ್. ಮೇಸ್ತ್ರಿ ನನ್ನ ಕೈಯಿಂದ ಪಟ್ಟಿ ತಗೊಂಡು ‘ತಾನೇ ಮಾಡುತ್ತಾಳೆ’ ಎದುರಿಗೆ ಗುರುತು ಹಾಕಿ, ಪಕ್ಕದಲ್ಲಿ ಬರೆದರು: ‘ಕೈಲಿ ತಿರುಗಿಸಿದಳು, ಥ್ರೆಡ್ ಕೆಡಿಸಲ್ಲ.’ ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಒಂದು ಸಲ ಕೆಟ್ಟರೆ ಗಿರಾಕಿಗೆ ಎಷ್ಟು ಖರ್ಚು ಅನ್ನುವುದು ಅವರಿಗೆ ಗೊತ್ತು. ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಆ ವಾಕ್ಯವನ್ನು ಅವಳ ಸರ್ಟಿಫಿಕೇಟಿನಲ್ಲಿ ಹಾಗೇ ಉಳಿಸಿಕೊಂಡೆವು.

ಪರೀಕ್ಷಕರ ಗುರುತು ಬಿದ್ದ ಪಟ್ಟಿಯನ್ನು ಅವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಒಂದು ಕೆಲಸದಲ್ಲಿ ಸೋತ ಮಗುವಿಗೆ ಮುಂದಿನ ಶನಿವಾರ ಇನ್ನೊಂದು ಅವಕಾಶ ಕೊಡಿ. ಆಗಲೂ ಬಾರದಿದ್ದರೆ ಆ ವಾಕ್ಯ ಪತ್ರದಲ್ಲಿ ಬರುವುದಿಲ್ಲ, ಅಷ್ಟೇ. ಹನ್ನೆರಡರಲ್ಲಿ ಐದೇ ಬಂದರೆ ಐದನ್ನೇ ಬರೆಯಿರಿ. ಎಲ್ಲರಿಗೂ ಹನ್ನೆರಡೂ ಬರೆದ ವರ್ಷ ಆ ಮೇಸ್ತ್ರಿ ಮತ್ತೆ ಬರುವುದಿಲ್ಲ.

ಒಳಗಿನ ಬರಹ

ಹೀಗಿದ್ದರೆ ಸಾಕು:

‘ಈ ಶಾಲೆಯ ದಾಖಲಾತಿ ಸಂಖ್ಯೆ … ರ ವಿದ್ಯಾರ್ಥಿನಿ … ಇವರು ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಆಟೋಮೊಬೈಲ್ ವಿಷಯವನ್ನು ಕಲಿತು, ಒಟ್ಟು … ಗಂಟೆಗಳ ಪ್ರಾಯೋಗಿಕ ಕೆಲಸ ಮಾಡಿರುತ್ತಾರೆ. ದಿನಾಂಕ … ರಂದು ಹೊರಗಿನ ಪರೀಕ್ಷಕರ ಎದುರು ಕೆಳಗಿನ ಕೆಲಸಗಳನ್ನು ಮಾಡಿ ತೋರಿಸಿರುತ್ತಾರೆ.’

ಕೆಳಗೆ ಕೆಲಸಗಳ ಪಟ್ಟಿ, ಎದುರಿಗೆ ಹಂತ. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು: ‘ಇದು ಶಾಲೆ ನೀಡಿದ ಸಾಧನೆಯ ಪತ್ರ, ಮಂಡಳಿಯ ಅಂಕಪಟ್ಟಿಗೆ ಪರ್ಯಾಯವಲ್ಲ.’ ಈ ಸಾಲಿನಿಂದ ಪತ್ರದ ತೂಕ ಕಮ್ಮಿಯಾಗುತ್ತದೆ ಅಂತ ನಮ್ಮಲ್ಲೇ ಕೆಲವರು ವಾದ ಮಾಡಿದರು. ಆದರೆ ಓದುವವರಿಗೆ ಇದು ಯಾವ ಕಾಗದ ಅಂತ ಒಂದೇ ನೋಟಕ್ಕೆ ತಿಳಿದರೆ ಅನುಮಾನಕ್ಕೆ ಜಾಗ ಇರುವುದಿಲ್ಲ ಅನ್ನುವುದು ನನ್ನ ಅಂದಾಜು.

‘ಪ್ರತಿಭಾನ್ವಿತ’, ‘ಉಜ್ವಲ ಭವಿಷ್ಯ’, ‘ಹಾರೈಸುತ್ತೇವೆ’ ಇವೆಲ್ಲ ಬೀಳ್ಕೊಡುಗೆ ಭಾಷಣಕ್ಕಿರಲಿ. ಮುಂದಿನ ಬದಿ ಕನ್ನಡ, ಹಿಂದಿನ ಬದಿ ಇಂಗ್ಲಿಷ್. ಗ್ಯಾರೇಜಿನ ಮೇಸ್ತ್ರಿ ಮುಂದಿನದು ಓದುತ್ತಾರೆ, ಕಾರ್ಖಾನೆಯ ಎಚ್‌ಆರ್ ಹಿಂದಿನದು ಓದುತ್ತಾರೆ.

ಅಚ್ಚು, ಸಂಖ್ಯೆ, ವಹಿ

ಇಲ್ಲಿ ಮಾಹಿತಿ ತಂತ್ರಜ್ಞಾನದ ಮಕ್ಕಳು ಬರುತ್ತಾರೆ. ಅವರ ಕೌಶಲ ಪರೀಕ್ಷೆಯ ಒಂದು ಭಾಗವೇ ಇಡೀ ಶಾಲೆಯ ಸರ್ಟಿಫಿಕೇಟುಗಳನ್ನು ಮೇಲ್ ಮರ್ಜ್‌ನಲ್ಲಿ ತಯಾರಿಸುವುದು. ಒಂದು ಎಕ್ಸೆಲ್ ಪಟ್ಟಿ, ಒಂದು ಮಾದರಿ ಪುಟ. ಎರಡನ್ನೂ ಜೋಡಿಸಿದರೆ ಎಂಬತ್ತು ಪತ್ರ ಹತ್ತು ನಿಮಿಷದಲ್ಲಿ. ‘ಮೇಲ್ ಮರ್ಜ್ ಬಳಸಿ ದಾಖಲೆ ತಯಾರಿಸುತ್ತಾನೆ’ ಅನ್ನುವುದು ಅವರು ತಯಾರಿಸಿದ ಆ ಪತ್ರದಲ್ಲೇ ಅಚ್ಚಾಗಿರುತ್ತದೆ. ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಕ್ಕೀತು!

ಒಂದು ಎಚ್ಚರಿಕೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ ಹೆಸರಿನ ಪಟ್ಟಿಯನ್ನು ಯೂನಿಕೋಡ್ ಪುಟಕ್ಕೆ ತಂದರೆ ಎಲ್ಲ ಚಿಂದಿಚಿಂದಿ ಗುರುತುಗಳಾಗಿ ಬರುತ್ತದೆ. ಕನ್ವರ್ಟರ್‌ನಲ್ಲಿ ಹಾಕಿದರೂ ಅರ್ಕಾವತ್ತು, ಕೆಲವು ಒತ್ತಕ್ಷರ ಜಾಗ ತಪ್ಪುತ್ತವೆ. ‘ಕೀರ್ತನ’, ‘ಹರ್ಷಿತ’, ‘ಐಶ್ವರ್ಯ’ ಇಂಥ ಹೆಸರುಗಳನ್ನು ಒಂದೊಂದಾಗಿ ನೋಡಿ. ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿದರೆ ಈ ತಾಪತ್ರಯವೇ ಇಲ್ಲ. ಅಚ್ಚಿಗೆ ಕೊಡುವ ಮೊದಲು ಪ್ರೂಫ್ ಹಾಳೆಯಲ್ಲಿ ಪ್ರತಿ ಮಗು ತನ್ನ ಹೆಸರಿನ ಮುಂದೆ ಸಹಿ ಹಾಕಲಿ. ಜೂನ್‌ನಲ್ಲಿ ಮಾಡಿದ ನಾಲ್ಕು ಕಾಲಂ ಹಾಳೆ ಪಕ್ಕದಲ್ಲಿರಲಿ.

ಸಂಖ್ಯೆ ಸರಳವಾಗಿರಲಿ: ವರ್ಷ, ವಿಷಯ, ಕ್ರಮಸಂಖ್ಯೆ. ಅದೇ ಸಂಖ್ಯೆ ಒಂದು ವಿತರಣಾ ವಹಿಯಲ್ಲಿ ಬರಬೇಕು, ಟಿಸಿ ಪುಸ್ತಕದ ಹಾಗೆ. ಸಂಖ್ಯೆ, ಹೆಸರು, ಯಾವ ಯಾವ ಕೆಲಸ, ಯಾವ ಹಂತ, ಪರೀಕ್ಷಕರು ಯಾರು, ಪಡೆದವರ ಸಹಿ. ವಹಿಗೆ ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಮುಖ್ಯ ಶಿಕ್ಷಕರು ‘ಇಷ್ಟು ಪುಟಗಳಿವೆ’ ಅಂತ ದೃಢೀಕರಿಸಲಿ. ಪತ್ರಕ್ಕೆ ಮೂರು ಸಹಿ: ತರಬೇತುದಾರರು, ಹೊರಗಿನ ಪರೀಕ್ಷಕರು, ಮುಖ್ಯ ಶಿಕ್ಷಕರು. ಸಹಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಅಂಟಿಸಬೇಡಿ, ಪೆನ್ನಿನಲ್ಲೇ ಹಾಕಿಸಿ. ಮುದ್ರೆ ಮುಖ್ಯ ಶಿಕ್ಷಕರ ಸಹಿಯ ಮೇಲೆ ಅರ್ಧ ಬರುವಂತೆ ಒತ್ತಿ.

ಕ್ಯೂಆರ್ ಕೋಡ್ ಬೇಕೇ ಅಂತ ಬಹಳ ಜನ ಕೇಳುತ್ತಾರೆ. ಅದರ ಹಿಂದೆ ವರ್ಷಾನುಗಟ್ಟಲೆ ನಡೆಯುವ ವೆಬ್ ಪುಟ ಇಟ್ಟುಕೊಳ್ಳಲು ಆಗುವುದಾದರೆ ಹಾಕಿ. ಯಾರದೋ ಸ್ವಂತ ಡ್ರೈವ್‌ಗೆ ಕೊಂಡಿ ಕೊಟ್ಟು, ಅವರು ವರ್ಗವಾಗಿ ಹೋದ ಮೇಲೆ ಅದು ತೆರೆಯದಿದ್ದರೆ ಇಲ್ಲದ್ದಕ್ಕಿಂತ ಕೆಟ್ಟದ್ದು. ಮಕ್ಕಳ ಫೋಟೋ, ಜನ್ಮ ದಿನಾಂಕ ಎಲ್ಲ ಬಯಲಿಗೆ ಬೀಳುವ ಅಪಾಯ ಬೇರೆ. ಮಕ್ಕಳ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅನ್ನುವುದು 2023ರ ದತ್ತಾಂಶ ರಕ್ಷಣಾ ಕಾಯ್ದೆಯಲ್ಲೂ ಇದೆ. ನಾವು ಶಾಲೆಯ ದೂರವಾಣಿ ಸಂಖ್ಯೆ ಮತ್ತು ಪತ್ರದ ಸಂಖ್ಯೆ ಮಾತ್ರ ಹಾಕುತ್ತೇವೆ. ಫೋನ್ ಬಂದರೆ ವಹಿ ತೆಗೆದು ನೋಡಿ ಹೇಳುತ್ತೇವೆ.

ಯಾರಿಗೆ, ಯಾವಾಗ

ಬೀಳ್ಕೊಡುಗೆ ದಿನವೇ ಕೊಡಿ. ಫಲಿತಾಂಶಕ್ಕೆ ಕಾಯಬೇಡಿ. ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷೋ ಗಣಿತವೋ ಫೇಲಾದ ಹುಡುಗನಿಗೆ ಪ್ಲಗ್ ಕೂರಿಸುವುದು ಮರೆತುಹೋಗಿರುವುದಿಲ್ಲ. ಫಲಿತಾಂಶ ನೋಡಿ ಕೊಡುವ ಕ್ರಮ ಇಟ್ಟರೆ ಈ ಕಾಗದ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅವರ ಕೈಗೇ ಸೇರುವುದಿಲ್ಲ. ನಡುವೆ ಶಾಲೆ ಬಿಟ್ಟ ಮಗುವಿಗೂ ಅದುವರೆಗೆ ತೋರಿಸಿದ ಕೆಲಸವನ್ನು ಬರೆದು ಕೊಡಿ.

ಪೋಷಕರನ್ನು ಕರೆಸಿ, ವೇದಿಕೆಯ ಮೇಲೆ ಒಂದೊಂದು ವಾಕ್ಯ ಓದಿ ಕೊಡಿ. ಭಾಷಣ ಕಮ್ಮಿ ಮಾಡಿದರೆ ಇದಕ್ಕೆ ಸಮಯ ಸಿಗುತ್ತದೆ.

ಇದನ್ನು ಹಿಡಿದು ಎಲ್ಲಿಗೆ ಹೋಗಬಹುದು

ಇಲ್ಲಿ ಸುಳ್ಳು ಹೇಳಬಾರದು. ಐಟಿಐ, ಡಿಪ್ಲೊಮಾ ಸೀಟು ಸಿಗುವುದು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ. ಶಾಲೆಯ ಪತ್ರ ಅಲ್ಲಿ ಒಂದು ಅಂಕವನ್ನೂ ಕೂಡಿಸುವುದಿಲ್ಲ. ಆದರೆ ಯಾವ ಟ್ರೇಡ್ ತಗೋಬೇಕು ಅಂತ ಅಪ್ಪ ಮಗ ಕೂತು ಮಾತಾಡುವಾಗ ಈ ಪಟ್ಟಿ ಕೆಲಸಕ್ಕೆ ಬರುತ್ತದೆ. ಎರಡು ವರ್ಷದ ಐಟಿಐ ಮುಗಿಸಿದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ ಅನ್ನುವುದನ್ನು ಅದೇ ದಿನ ಹೇಳಿ. ಟೂಲ್ ಅಂಡ್ ಡೈ, ಅಂದರೆ ಯಂತ್ರದ ಉಪಕರಣ, ಅಚ್ಚು ತಯಾರಿಸುವ ಕಡೆ ಒಲವಿರುವವರಿಗೆ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಮೈಸೂರಿನಲ್ಲೇ ಇದೆ.

1961ರ ಅಪ್ರೆಂಟಿಸ್ ಕಾಯ್ದೆಯಡಿ 14 ತುಂಬಿದವರು ಅಪ್ರೆಂಟಿಸ್ ಆಗಬಹುದು, ಅಪಾಯದ ಕಸುಬಾದರೆ 18. ಅರ್ಜಿ ಆನ್‌ಲೈನ್, ಹೆಸರು ಆಧಾರ್‌ನಂತೆ. ಸಂದರ್ಶನಕ್ಕೆ ಕರೆದಾಗ ಶಾಲೆಯ ಪತ್ರದ ಜೊತೆ ಕೆಲಸದ ಪುಸ್ತಕವನ್ನೂ ತಗೊಂಡು ಹೋಗಲು ಮಕ್ಕಳಿಗೆ ಹೇಳಿ. ಪತ್ರಕ್ಕಿಂತ ಪುಸ್ತಕ ಹೆಚ್ಚು ಹೊತ್ತು ಮೇಜಿನ ಮೇಲಿರುತ್ತದೆ. ಸಣ್ಣ ಗ್ಯಾರೇಜು, ಬುಟಿಕ್, ಮೊಬೈಲ್ ಅಂಗಡಿಗಳಲ್ಲಿ ಮಾತ್ರ ಪತ್ರವೇ ನೇರ ಕೆಲಸಕ್ಕೆ ಬರುವುದನ್ನು ನೋಡಿದ್ದೇನೆ. ಪರೀಕ್ಷೆಗೆ ಬಂದಿದ್ದ ದರ್ಜಿಯೇ ರಜೆಯಲ್ಲಿ ಬಾ ಅಂತ ಒಬ್ಬಳನ್ನು ಕರೆದುಕೊಂಡರು.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ಶಾಲೆಯ ಪತ್ರ ಅಲ್ಲಿ ತಾನಾಗಿ ಬರುವುದಿಲ್ಲ, ಸ್ಕ್ಯಾನ್ ಮಾಡಿ ತಮ್ಮ ಖಾತೆಯ ಡ್ರೈವ್‌ನಲ್ಲಿ ತಾವೇ ಹಾಕಿಕೊಳ್ಳಬೇಕು. ಶಾಲೆ ಬಿಡುವ ಮುಂಚೆ ಕಂಪ್ಯೂಟರ್ ಕೋಣೆಯಲ್ಲಿ ಕೂರಿಸಿ ಮಾಡಿಸಿಬಿಡಿ, ಅರ್ಧ ಗಂಟೆಯ ಕೆಲಸ.

ಕಳೆದುಹೋದರೆ

ಕಳೆದುಕೊಳ್ಳುತ್ತಾರೆ. ಮಳೆಗೆ ಮನೆ ಸೋರಿತು, ಇಲಿ ಕಡಿಯಿತು, ಕೆಲಸಕ್ಕೆ ಕೊಟ್ಟ ಕಡೆ ವಾಪಸ್ ಕೊಡಲಿಲ್ಲ ಅಂತ ಬರುತ್ತಾರೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆಸಿಕೊಳ್ಳಿ. ವಹಿಯಲ್ಲಿ ಸಂಖ್ಯೆ ಹುಡುಕಿ, ಅದೇ ಸಂಖ್ಯೆ ಹಾಕಿ, ಮೇಲೆ ಕೆಂಪಿನಲ್ಲಿ ‘ನಕಲು ಪ್ರತಿ’ ಅಂತ ಬರೆದು, ಈಗಿನ ಮುಖ್ಯ ಶಿಕ್ಷಕರ ಸಹಿಯಲ್ಲಿ ಕೊಡಿ. ಹಳೆಯ ಪರೀಕ್ಷಕರ ಸಹಿ ಬೇಡ, ‘ವಹಿಯ ಪ್ರಕಾರ’ ಅಂತಿದ್ದರೆ ಸಾಕು. ದುಡ್ಡು ತಗೋಬೇಡಿ.

ಮೊದಲ ವರ್ಷ ಬಳ್ಳಿ ಬಿಡಿಸಿದ ಪತ್ರ ತಗೊಂಡು ಹೋದ ಆ ಹುಡುಗ ಹೋದ ದಸರಾ ರಜೆಯಲ್ಲಿ ಶಾಲೆಗೆ ಬಂದಿದ್ದ, ಹೊಸ ಥರದ್ದು ಬರೆದುಕೊಡಿ ಅಂತ. ಅವನ ಕಾಲದ ಕೆಲಸದ ಪುಸ್ತಕ ಇಲ್ಲ, ವಹಿಯಲ್ಲಿ ಹೆಸರಿಲ್ಲ. ಕೊಡೋಕಾಗಲ್ಲ ಕಣಪ್ಪ ಅಂದೆ. ಬೇಜಾರು ಮಾಡಿಕೊಳ್ಳದೆ ನಗುತ್ತಾ ಹೊರಟವನು, ಶೆಡ್ಡಿನಲ್ಲಿದ್ದ ನಮ್ಮ ಹಳೇ ಬೈಕು ಕಂಡು ನಿಂತ. ಚೈನಿಗೆ ಒಂದು ಬೆರಳು ಹಾಕಿ ಮೇಲೆ ಕೆಳಗೆ ಆಡಿಸಿದ. "ಸಡಿಲ ಆಗದೆ ಸಾ, ಸ್ಪ್ಯಾನರ್ ಕೊಡಿ" ಅಂದ. ಸಂಕ್ರಾಂತಿ ಕಳೆದ ವಾರ ಬಾ, ಮೇಸ್ತ್ರಿ ಬರುತ್ತಾರೆ, ಅವರ ಎದುರು ಮಾಡಿ ತೋರಿಸು ಅಂತ ಹೇಳಿ ಕಳಿಸಿದೆ.